ಕೈಟ್ರಾಕ್ಟರಿನ ಹಣೆ

"ಕೆರಿ ಪುಟ್ಟಯ್ಯ, ಇನ್ನೂ ಚೆನ್ನಾಗಿ ಕೆರಿ. ಮಣ್ಣು ಉದುರಿದಷ್ಟೂ ತೂಕ ಇಳಿಯುತ್ತೆ, ಲಾಭ ನನಗೇ," ಎಂದ ದೊಡ್ಡಬೈರಪ್ಪ.

ಅವನು ಕಾಟನ್‌ಪೇಟೆಯ ಗುಜರಿ ವ್ಯಾಪಾರಿ. ಒಂಟೆತ್ತಿನ ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಬಸವನಗುಡಿಯ ಪಂಚಾಕ್ಷರಯ್ಯನವರ ಹಿತ್ತಿಲಿನ ಬಾವಿಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಅವನೆದುರಿಗೆ, ಮೃಗಶಿರಾ ಮಳೆಗೆ ನೆನೆದ ಮಣ್ಣಿನಲ್ಲಿ ಮೊಣಕಾಲೂರಿ, ಪುಟ್ಟಯ್ಯ ಕೈಟ್ರಾಕ್ಟರಿನ ನೇಗಿಲನ್ನು ತಗಡಿನ ಚೂರಿನಿಂದ ಕೆರೆಯುತ್ತಿದ್ದ.

"ಲಾಭ ಆಮೇಲೆ ನೋಡ್ಕೊಳಣ್ಣ. ಇದಿನ್ನೂ ಬದುಕಿದೆ."

"ಬದುಕಿದೆಯೋ ಇಲ್ವೋ ನೋಡೋಕೇ ಅಲ್ವ ನಮ್ಮಿಬ್ಬರನ್ನೂ ಒಂದೇ ದಿನ ಕರೆಸಿರೋದು?"

ಅದು ನಿಜ. ಪಂಚಾಕ್ಷರಯ್ಯನವರು ಒಬ್ಬ ವೈದ್ಯನನ್ನೂ ಒಬ್ಬ ಹೆಣ ಹೊರುವವನನ್ನೂ ಒಟ್ಟಿಗೇ ಕರೆಸಿದ ಹಾಗೆ ಮಾಡಿದ್ದರು. ಈ ಸೋಮವಾರ ಹಿತ್ತಿಲಿನ ಅರ್ಧ ಎಕರೆಯನ್ನೂ ಕೈಟ್ರಾಕ್ಟರು ಉತ್ತು ಮುಗಿಸಿದರೆ ಉಳಿಯಿತು, ನಡುವೆ ಕೆಟ್ಟು ನಿಂತರೆ ದೊಡ್ಡಬೈರಪ್ಪನ ಎತ್ತಿನ ಗಾಡಿಗೆ ಹತ್ತಿತು. ನಗರ್ತಪೇಟೆಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟವರು ಅವರು. ಮಾತನ್ನೂ ಹಗ್ಗದ ಹಾಗೆ ಅಳೆದು ಕತ್ತರಿಸಿಬಿಡುತ್ತಿದ್ದರು.

ಈ ಉಳುವ ಗಾಡಿ ಎಂದರೆ ಮಹಾ ದೊಡ್ಡದೇನಲ್ಲ. ಎರಡು ಚಕ್ರ, ಹಿಂದಕ್ಕೆ ಚಾಚಿದ ಎರಡು ಉದ್ದನೆ ಹಿಡಿ, ಮುಂದೆ ಒಂದು ಪುಟ್ಟ ಪೆಟ್ರೋಲ್ ಇಂಜಿನ್ನು, ಇಂಜಿನ್ನಿನ ನೆತ್ತಿಯ ಮೇಲೆ ಹಸಿರು ಬಣ್ಣದ ಟ್ಯಾಂಕು. ಉಳುವವನು ಹಿಡಿ ಹಿಡಿದು ಹಿಂದೆ ನಡೆಯಬೇಕು. ದಂಡು ಪ್ರದೇಶದ ಒಬ್ಬ ಬಿಳಿ ದೊರೆ ಯುದ್ಧಕ್ಕೆ ಮುಂಚೆ ತನ್ನ ಬಂಗಲೆಯ ತೋಟಕ್ಕೆಂದು ಹಡಗಿನಲ್ಲಿ ತರಿಸಿದ್ದು. ಪುಟ್ಟಯ್ಯ ಆ ಬಂಗಲೆಯ ಮಾಲಿ. ಜೊತೆಗೆ ಬಂದ ಪುಸ್ತಕದ ಇಂಗ್ಲಿಷು ಅವನಿಗೆ ಬರಲಿಲ್ಲ. ಚಿತ್ರಗಳನ್ನು ನೋಡಿಕೊಂಡು ಒಂದೊಂದೇ ನಟ್ಟು ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿ ಕಲಿತ. ನಲವತ್ತೇಳರಲ್ಲಿ ದೊರೆ ಊರು ಬಿಟ್ಟಾಗ, "ತಗೊಳ್ಳಿ ಯಜಮಾನ್ರೆ, ಇದರ ಜವಾಬ್ದಾರಿ ನಂದು" ಎಂದು ಪಂಚಾಕ್ಷರಯ್ಯನವರ ಬೆನ್ನು ಹತ್ತಿ ಕೊಡಿಸಿದವನೂ ಅವನೇ. ಈಗ ಸೈಕಲ್ ಮೇಲೆ ಊರೆಲ್ಲ ಸುತ್ತಿ ಬಂಗಲೆಗಳ ಹುಲ್ಲು ಕತ್ತರಿಸುವ ಮಿಷನ್ನುಗಳನ್ನು ರಿಪೇರಿ ಮಾಡುತ್ತಾನೆ. ಹತ್ತಾರು ಇಂಜಿನ್ನು ಅವನ ಕೈಯಲ್ಲಿ ಹಾದುಹೋಗಿವೆ. ಆದರೂ ಅವನಿಗೆ ಅಕ್ಷರ ತಿದ್ದಿಸಿದ ಮೇಷ್ಟ್ರು ಈ ಗಾಡಿಯೇ. ಮೇಷ್ಟ್ರನ್ನು ತಕ್ಕಡಿಗೆ ಹಾಕುವುದನ್ನು ನೋಡಲು ಯಾರಿಗೆ ಮನಸ್ಸು ಬರುತ್ತದೆ?

ಐದು ವರ್ಷ ಚೆನ್ನಾಗಿಯೇ ಓಡಿತು. ಹೋದ ನವರಾತ್ರಿ ಕಳೆದ ಮೇಲೆ ಎಂಥದೋ ರೋಗ ಹಿಡಿಯಿತು. ಮೂರು ಸಾಲು ಉಳುತ್ತದೆ, ಬಿಕ್ಕಳಿಸುತ್ತದೆ, ನಿಲ್ಲುತ್ತದೆ. ಪುಟ್ಟಯ್ಯ ಬಂದು ಪ್ಲಗ್ಗು ಉಜ್ಜಿದ, ಓಡಿತು. ಅವನ ಸೈಕಲ್ಲು ಬುಲ್ ಟೆಂಪಲ್ ರಸ್ತೆ ದಾಟುವುದರೊಳಗೆ ನಿಂತಿತು. ಎರಡನೇ ಸಲ ಕಾರ್ಬೊರೇಟರ್ ಬಿಚ್ಚಿ ತೊಳೆದ, ಹಳೇ ಚಪ್ಪಲಿಯ ತೊಗಲು ಕತ್ತರಿಸಿ ವಾಷರ್ ಮಾಡಿ ಹಾಕಿದ. ಮೂರನೇ ಸಲ ಪೆಟ್ರೋಲಿನ ಪೈಪನ್ನೇ ಬದಲಾಯಿಸಿದ. ಅವನು ಬಂದಾಗ ಓಡುವುದು, ಹೋದಾಗ ನಿಲ್ಲುವುದು.

"ನಿನ್ನ ಕಂಡ್ರೆ ಅದಕ್ಕೆ ಪ್ರೀತಿ, ನಮ್ಮನ್ನ ಕಂಡ್ರೆ ಆಗಲ್ಲ," ಎಂದಿದ್ದರು ಪಂಚಾಕ್ಷರಯ್ಯನವರು. "ನಿನ್ನನ್ನೇ ಇಲ್ಲಿ ಹಗ್ಗ ಹಾಕಿ ಕಟ್ಟಿಕೊಳ್ಳೋಣ ಅಂದ್ರೆ ನಿನ್ನ ಹೆಂಡ್ತಿ ಒಪ್ಪಬೇಕಲ್ಲ."

ತಮಾಷೆಗೇ ಅಂದದ್ದು. ಆದರೆ ಪುಟ್ಟಯ್ಯ ಆ ರಾತ್ರಿ ಸರಿಯಾಗಿ ಊಟ ಮಾಡಿರಲಿಲ್ಲ.

ಈಗ ಅವರು ಜುಬ್ಬದ ತೋಳು ಮಡಿಸಿಕೊಂಡು ಹಿತ್ತಿಲಿಗೆ ಬಂದರು. ಹಿಂದೆಯೇ ಅವರ ತಾಯಿ ಗಿರಿಜಾಂಬಾ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಪೂಜೆಯ ತಟ್ಟೆ. ಇಲ್ಲಿನ ಬದನೆ, ನವಿಲುಕೋಸು, ಕನಕಾಂಬರ ಎಲ್ಲ ಅವರದ್ದೇ ಸಾಮ್ರಾಜ್ಯ. ಗಾಡಿಯನ್ನು ಅವರು ಬಸವ ಎಂದೇ ಕರೆಯುತ್ತಿದ್ದರು.

"ನೋಡು ಪುಟ್ಟಯ್ಯ," ಎಂದರು ಪಂಚಾಕ್ಷರಯ್ಯನವರು, "ನಾನೇ ಒಂದು ಸೀಸೆ ಪೆಟ್ರೋಲು ಹುಯ್ದು ಮುಚ್ಚಳ ಬಿಗಿದಿದೀನಿ. ನೀನು ಮತ್ತೆ ಬಿಚ್ಚಿ, ಕಡ್ಡಿ ಅದ್ದಿ, ಇಣುಕಿ ಹೊತ್ತು ಕಳೀಬೇಡ. ಹಗ್ಗ ಸುತ್ತು, ಎಳಿ, ಉಳು."

ಪುಟ್ಟಯ್ಯ ಹಗ್ಗ ಸುತ್ತಿ ಎಳೆದ. ಎರಡನೇ ಎಳೆತಕ್ಕೇ ಇಂಜಿನ್ನು ಕೆಮ್ಮಿ ಎದ್ದಿತು. ಒಂದು ಸಾಲು ಹೋಗಿ ಬಂತು. ಇನ್ನೊಂದು. ಮೂರನೇ ಸಾಲಿನ ನಡುವೆ ಬಿಕ್ಕಳಿಸಿ, ಬಿಕ್ಕಳಿಸಿ, ನಿಂತೇಹೋಯಿತು.

ದೊಡ್ಡಬೈರಪ್ಪ ಮೇಲೆದ್ದು, ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದ. "ಎತ್ತೋಕೆ ಇನ್ನೊಂದು ಕೈ ಬೇಕು ಯಜಮಾನ್ರೆ."

"ಒಂದು ನಿಮಿಷ ಅಣ್ಣ. ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ನಿಮಿಷ."

ಪ್ಲಗ್ಗು ಬಿಚ್ಚಿ ಇಂಜಿನ್ನಿಗೆ ತಾಗಿಸಿ ಹಗ್ಗ ಎಳೆದ. ನೀಲಿ ಕಿಡಿ ಹಾರಿತು. ಬೆಂಕಿ ಸರಿಯಿದೆ. ಕಾರ್ಬೊರೇಟರಿನ ಹತ್ತಿರ ಪೈಪು ಸಡಿಲಿಸಿದ. ಎರಡು ಹನಿ ಬಿತ್ತು, ಮೂರನೆಯದು ಬರಲಿಲ್ಲ. ಗಾಡಿ ಅಲುಗಿಸಿದರೆ ಟ್ಯಾಂಕಿನೊಳಗೆ ಪೆಟ್ರೋಲು ಗುಳುಗುಳು ಎನ್ನುತ್ತಿದೆ. ಪೈಪು ಹೊಸದು. ಮೇಲಿದ್ದದ್ದು ಕೆಳಗೆ ಯಾಕೆ ಇಳಿಯುತ್ತಿಲ್ಲ?

"ಯಜಮಾನ್ರೆ, ಮುಚ್ಚಳ ಸ್ವಲ್ಪ ಸಡಿಲ ಮಾಡ್ಲಾ? ಇಣುಕಲ್ಲ."

"ಮಾಡು ಮಾರಾಯ."

ಅರ್ಧ ಸುತ್ತು ತಿರುಗಿಸಿದ್ದಷ್ಟೇ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಅದೇ ಕ್ಷಣಕ್ಕೆ ಬಿಚ್ಚಿಟ್ಟ ಪೈಪಿನಿಂದ ಪೆಟ್ರೋಲು ಸುರಿದು ಅವನ ಎಡಗೈ ತಣ್ಣಗಾಯಿತು.

ಪುಟ್ಟಯ್ಯ ಪೈಪು ಸೇರಿಸಿ, ಮುಚ್ಚಳವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಆ ಮುಚ್ಚಳದ ನಡುವೆ ಸಾಸಿವೆ ಕಾಳಿನಷ್ಟು ಒಂದು ತೂತಿರುವುದು ಅವನಿಗೆ ಗೊತ್ತಿತ್ತು. ಪೆಟ್ರೋಲು ಇಳಿದ ಹಾಗೆ ಅದರಿಂದ ಗಾಳಿ ಒಳಗೆ ಹೋಗಬೇಕು. ಈಗ ಅಲ್ಲಿ ತೂತಿರಲಿಲ್ಲ. ಗಂಧ, ಅದರ ಮೇಲೆ ವಿಭೂತಿ, ಅದರ ಮೇಲೆ ಮತ್ತೆ ಗಂಧ, ಪದರ ಪದರವಾಗಿ ಒಣಗಿ ಗಾರೆಯ ಹಾಗೆ ಕೂತಿತ್ತು. ತಾನು ಬಂದಾಗಲೆಲ್ಲ ಮೊದಲು ಮಾಡುತ್ತಿದ್ದದ್ದು ಮುಚ್ಚಳ ಬಿಚ್ಚುವುದು. ಅಷ್ಟಕ್ಕೇ ಗಾಡಿ ಓಡುತ್ತಿತ್ತು! ಬಿಚ್ಚಿದ ಮುಚ್ಚಳವನ್ನು ಅಂಚಿನಲ್ಲಿ ಹಿಡಿದು, ಬಾಳೆಲೆಯ ಚೂರಿನ ಮೇಲೆ ಜೋಪಾನವಾಗಿ ಇಡುತ್ತಿದ್ದ. ಗಾಡಿಯ ಮೈಯಲ್ಲಿ ಅವನು ಒರೆಸದೆ ಬಿಟ್ಟ ಜಾಗ ಅದೊಂದೇ. ಪೂಜೆ ಮಾಡಿದ್ದನ್ನು ಯಾರಾದರೂ ಒರೆಸುತ್ತಾರೆಯೆ?

"ಏನು ಸಿಕ್ತು?" ಎಂದರು ಪಂಚಾಕ್ಷರಯ್ಯನವರು.

"ಕ..." ಎಂದು ಪುಟ್ಟಯ್ಯ ನಾಲಿಗೆ ಕಚ್ಚಿಕೊಂಡ. ಬೇರೆ ಯಾವ ಗಾಡಿಯಾಗಿದ್ದರೂ ಕಸ ಎಂದುಬಿಡುತ್ತಿದ್ದ. ವಿಭೂತಿಯನ್ನು ಕಸ ಎನ್ನುವುದು ಹೇಗೆ? ಅದೂ ಗಿರಿಜಾಂಬಾ ತಟ್ಟೆ ಹಿಡಿದು ಎರಡು ಮಾರು ದೂರದಲ್ಲಿ ನಿಂತಿರುವಾಗ?

"ಗಾಳಿ, ಯಜಮಾನ್ರೆ."

"ಗಾಳಿ ಹಿಡ್ದಿದ್ರೆ ಮಂತ್ರ ಹಾಕ್ಸು," ಎಂದು ದೊಡ್ಡಬೈರಪ್ಪ ನಕ್ಕ.

ಪುಟ್ಟಯ್ಯ ಎಲ್ಲರಿಗೂ ಬೆನ್ನು ಮಾಡಿ ಕೂತು ಉಗುರಿನಿಂದ ಮೆಲ್ಲಗೆ ಕೆರೆಯತೊಡಗಿದ.

"ಪುಟ್ಟಯ್ಯ, ಈ ಕಡೆ ತಿರುಗು," ಎಂದರು ಗಿರಿಜಾಂಬಾ. "ಕೈಯಲ್ಲೇನಿದೆ?"

"ಏನಿಲ್ಲ ಅಮ್ಮಾವ್ರೆ."

"ಅದು ನನ್ನ ವಿಭೂತಿ ಅಲ್ವೇನಯ್ಯ?"

ಅವನು ತಲೆ ತಗ್ಗಿಸಿದ. "ಅಮ್ಮಾವ್ರೆ, ತಪ್ಪು ತಿಳ್ಕೋಬೇಡಿ. ಇದು ಅಲ್ಲಿಂದಾನೇ ಉಸಿರಾಡೋದು. ನೀವು ಮೂಗಿಗೆ ಹಚ್ಚಿದೀರ."

"ನಾನು ಹಣೆ ಅಂದ್ಕೊಂಡಿದ್ನಲ್ಲೋ!"

ಗಿರಿಜಾಂಬಾ ತಟ್ಟೆಯನ್ನು ಬಾವಿಕಟ್ಟೆಯ ಮೇಲಿಟ್ಟರು. "ಹೋದ ನವರಾತ್ರೀಲಿ ಆಯುಧಪೂಜೆ ದಿನ ಮೊದಲ ಸಲ ಹಚ್ಚಿದೆ. ಅವತ್ತು ಎಷ್ಟು ಚೆನ್ನಾಗಿ ಓಡ್ತು ಅಂತ ಪ್ರತೀ ಸೋಮವಾರ ಹಚ್ಚಿದೆ. ನಿಲ್ಲೋಕೆ ಶುರುವಾದ ಮೇಲೆ, ಅಯ್ಯೋ ಪಾಪ, ದೃಷ್ಟಿಯಾಗಿದೆ ಅಂತ ಇನ್ನೂ ದಪ್ಪಗೆ ಹಚ್ಚಿದೆ. ಅದು ನಿಂತಷ್ಟೂ ನಾನು ಹಚ್ಚಿದೆ, ನಾನು ಹಚ್ಚಿದಷ್ಟೂ ಅದು ನಿಂತ್ಕೊಳ್ತು."

"ಅವ್ವಾ," ಎಂದರು ಪಂಚಾಕ್ಷರಯ್ಯನವರು, "ಎಂಟು ತಿಂಗಳು ಇವನನ್ನ ಬೈದಿದೀನಿ."

"ನನ್ನನ್ನೂ ಬೈಯಿ. ಮೊದಲು ಆ ಮುಚ್ಚಳ ಈ ಕಡೆ ಕೊಡು ಪುಟ್ಟಯ್ಯ. ನೀನು ಕೆರೀಬೇಡ. ಮುಚ್ಚಿದವಳು ನಾನು, ನಾನೇ ತೆಗೀತೀನಿ."

ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಕಣ್ಣು ಕಿರಿದು ಮಾಡಿ, ಮಗುವಿನ ಕಿವಿಯಿಂದ ಗುಗ್ಗೆ ತೆಗೆಯುವ ಹಾಗೆ ಚುಚ್ಚಿದರು. ಉದುರಿದ ಪುಡಿಯನ್ನು ಕೆಳಗೆ ಬೀಳಲು ಬಿಡದೆ ಸೆರಗಿನಲ್ಲಿ ಹಿಡಿದುಕೊಂಡರು. ಮುಚ್ಚಳವನ್ನು ಬಿಸಿಲಿಗೆ ಎತ್ತಿ ನೋಡಿದರೆ ಒಂದು ಚುಕ್ಕಿ ಬೆಳಕು.

"ಈಗ ಹೇಳು, ಇದರ ಹಣೆ ಎಲ್ಲಿ?"

"ಹೊಗೆ ಬರೋ ಕಡೆ ಅಂತೂ ಅಲ್ಲ ಅಮ್ಮಾವ್ರೆ," ಎಂದ ದೊಡ್ಡಬೈರಪ್ಪ. "ಅದು ಬೇರೆ ಜಾಗ."

ಗಿರಿಜಾಂಬಾ ಮೊದಲು ನಕ್ಕರು. ಆಮೇಲೆ ಎಲ್ಲರೂ. ಪುಟ್ಟಯ್ಯ ಇಂಜಿನ್ನಿನ ಮುಂದೆ, ಚಕ್ರಗಳ ನಡುವೆ ಇದ್ದ ಅಗಲವಾದ ಕಬ್ಬಿಣದ ಪಟ್ಟಿಯನ್ನು ತೋರಿಸಿದ. ಗಿರಿಜಾಂಬಾ ಬಗ್ಗಿ ಅಲ್ಲಿ ವಿಭೂತಿಯ ಮೂರು ಬೆರಳು ಎಳೆದರು. ಪುಟ್ಟಯ್ಯ ಪ್ಲಗ್ಗು ಬಿಗಿದು, ಮುಚ್ಚಳ ತಿರುಗಿಸಿ, ಹಗ್ಗ ಎಳೆದ.

ಮೂರನೇ ಸಾಲು ಮುಗಿಯಿತು. ನಾಲ್ಕು. ಐದು. ಪುಟ್ಟಯ್ಯ ಗಾಡಿಯ ಹಿಂದೆ ಕಿವಿಗೊಟ್ಟು ನಡೆಯುತ್ತಿದ್ದ. ಇಂಜಿನ್ನಿನ ಸದ್ದು ಒಂದಿಷ್ಟು ಕುಗ್ಗಿದರೂ ಮುಚ್ಚಳದ ಕಡೆ ನೋಡುತ್ತಿದ್ದ. ಎಂಟು, ಹತ್ತು, ಆಮೇಲೆ ಲೆಕ್ಕ ತಪ್ಪಿತು. ಬಾವಿಯ ಪಕ್ಕದ ಗಟ್ಟಿ ನೆಲದಲ್ಲಿ ಮುಗ್ಗರಿಸಿತು, ನಿಲ್ಲಲಿಲ್ಲ. ಹೊಸ ಮಣ್ಣಿಗೆ ಕೊಕ್ಕರೆಗಳು ಬಂದಿಳಿದವು. ಪಂಚಾಕ್ಷರಯ್ಯನವರು ಅಂಗಡಿಯ ನೆನಪು ಬಿಟ್ಟು, ಮಣ್ಣಿನ ಹೆಂಟೆಯೊಂದನ್ನು ಕಾಲಲ್ಲಿ ಒಡೆಯುತ್ತ ನಿಂತಿದ್ದರು.

ದೊಡ್ಡಬೈರಪ್ಪ ಕೇಳಿದ, "ಯಜಮಾನ್ರೆ, ನನ್ನೆತ್ತು ಬಿಸಿಲಲ್ಲಿ ನಿಂತಿದೆ. ಹೊರಡ್ಲಾ, ಕೂರ್ಲಾ?"

"ಇನ್ನೆರಡು ಸಾಲಿದೆ. ಕೂತ್ಕೊ."

ಅಷ್ಟರಲ್ಲಿ ಇಂಜಿನ್ನು ಎರಡು ಸಲ ಬಿಕ್ಕಳಿಸಿ ನಿಂತಿತು.

ಪುಟ್ಟಯ್ಯ ಮುಚ್ಚಳ ಬಿಚ್ಚಿದ. ಈ ಸಲ ಸುಯ್ ಎನ್ನುವ ಸದ್ದು ಬರಲಿಲ್ಲ. ಒಳಗೆ ಇಣುಕಿ, ಎರಡೂ ಹಿಡಿಗಳನ್ನು ಮೇಲೆತ್ತಿ, ಟ್ಯಾಂಕಿನ ಬಾಯನ್ನು ಯಜಮಾನರ ಕಡೆ ವಾಲಿಸಿದ. ಪಂಚಾಕ್ಷರಯ್ಯನವರು ಬಗ್ಗಿ ನೋಡಿದರು. ತಳದಲ್ಲಿ ತಗಡು ಒಣಗಿ ಹೊಳೆಯುತ್ತಿತ್ತು. ಒಂದು ಹನಿ ಪೆಟ್ರೋಲಿರಲಿಲ್ಲ.

ಅವರು ನೆಟ್ಟಗಾಗಿ, ಪುಟ್ಟಯ್ಯನ ಸೈಕಲ್ಲಿನ ಹಿಂದೆ ಕಟ್ಟಿದ್ದ ಖಾಲಿ ಪೆಟ್ರೋಲ್ ಡಬ್ಬವನ್ನು ಬಿಚ್ಚಿಕೊಂಡರು. ಚಪ್ಪಲಿ ಮೆಟ್ಟುವುದನ್ನೂ ಮರೆತು, ದೊಡ್ಡಬೈರಪ್ಪನ ಎತ್ತಿನ ಪಕ್ಕದಲ್ಲಿ ಹಾದು, ಗಾಂಧಿಬಜಾರಿನ ಕಡೆಗೆ ದಾಪುಗಾಲು ಹಾಕುತ್ತ ಹೊರಟರು.