ಎರಡು ಕೋಣೆಯ ಶಾಖ

ರೇಷ್ಮೆ ಹುಳುಮನೆಯ ಕಿಟಕಿಯಲ್ಲಿ ಚಿಕ್ಕಮ್ಮನ ನೆರಳು ಕಂಡಿದ್ದೇ ತಡ, ರಮ್ಯಾ ಸೊಪ್ಪಿನ ಹೊರೆಯ ಮರೆಯಲ್ಲಿ ಕುಕ್ಕರಿಸಿದಳು. ಇವತ್ತು ಕಣ್ಣಾರೆ ನೋಡಿಯೇ ತೀರಬೇಕು ಎಂದು ಕಾಲೇಜಿಗೂ ಹೋಗಿರಲಿಲ್ಲ.

ಕೈಲಾಂಚದ ಆ ಹುಳುಮನೆಗೆ ಎರಡು ಕೋಣೆ. ಒಂದು ರಮ್ಯಾಳ ಅವ್ವ ಬೋರಮ್ಮನದು, ಇನ್ನೊಂದು ಚಿಕ್ಕಮ್ಮ ವರಲಕ್ಷ್ಮಿಯದು. ರಾಮನಗರದಲ್ಲಿ ಡಿಪ್ಲೊಮಾ ಓದುತ್ತಿದ್ದ ರಮ್ಯಾ ಪ್ರಾಜೆಕ್ಟಿಗೆಂದು ಎರಡು ಕೋಣೆಗೂ ಒಂದೊಂದು ಡಬ್ಬಿ ಕೂರಿಸಿ, ಎರಡೂ ಒಂದೇ ಪ್ರೋಗ್ರಾಮಿನಿಂದ ನಡೆಯುವಂತೆ ತಂತಿ ಎಳೆದಿದ್ದಳು. ಬಟನ್ ಒತ್ತಿ ಎಷ್ಟು ಡಿಗ್ರಿ ಬೇಕೆಂದು ಹೇಳಿದರೆ ಸಾಕು, ಹೀಟರ್ ತಾನೇ ಉರಿದು ತಾನೇ ಆರುತ್ತಿತ್ತು. ಹಿಂದಿನ ಬೆಳೆಯಲ್ಲಿ ಇಬ್ಬರ ಹುಳುವೂ ಒಂದೇ ಪ್ರಾಯದವು. ಒಂದು ತಕರಾರೂ ಬರಲಿಲ್ಲ. ಈ ಸಲ ಅವ್ವನ ಹುಳು ಬೆಳೆದು ನಿಂತಿದ್ದವು, ಅವಕ್ಕೆ ಇಪ್ಪತ್ನಾಲ್ಕು ಸಾಕು. ಚಿಕ್ಕಮ್ಮನ ಎಳೆಹುಳುವಿಗೆ ಇಪ್ಪತ್ತೇಳು ಬೇಕು.

ಅವ್ವ ಇಪ್ಪತ್ನಾಲ್ಕಕ್ಕೆ ಇಟ್ಟು ಹೋಗಿ ಬರುವಷ್ಟರಲ್ಲಿ ಇಪ್ಪತ್ತೇಳಾಗಿರುತ್ತಿತ್ತು. ಕೋಣೆ ಕುದಿದು ಹುಳು ಸೊಪ್ಪು ಮೂಸುತ್ತಿರಲಿಲ್ಲ.

"ಅವ್ಳ್ದೇ ಕೆಲ್ಸ ಕಣೆ. ನಮ್ ಹುಳ ಚೆಂದಾಗ್ ಬತ್ತಾವಲ್ಲ, ಅದ್ಕೇ ಹೊಟ್ಟೆಉರಿ" ಎಂದು ಮಗಳಿಗೆ ಹೇಳಿದ ಬೋರಮ್ಮ, ಹಿಂದಿನ ದಿನ ಅಂಗಳದಲ್ಲಿ ಅದನ್ನೇ ವಾರಗಿತ್ತಿಯ ಮುಖದ ಮೇಲೇ ಅಂದುಬಿಟ್ಟಿದ್ದಳು. ವರಲಕ್ಷ್ಮಿ ಕೈಲಿದ್ದ ಬುಟ್ಟಿ ಇಳಿಸಿ, "ನಾನ್ಯಾಕಕ್ಕ ನಿಮ್ದು ಮುಟ್ಲಿ? ನನ್ ರೂಮ್ ತಣ್ಣಗ್ ಮಾಡ್ತಿರೋರು ಯಾರು ಅಂತ ನಾನ್ ಕೇಳಿದ್ನಾ?" ಅಂದಿದ್ದಳು. ಆ ಮಾತು ರಮ್ಯಾಳಿಗೆ ಕಳ್ಳರು ಆಡುವ ಜಾಣ ಮಾತಿನಂತೆ ಕೇಳಿಸಿತ್ತು. ಅವ್ವನ ಕೋಣೆಗೆ ಅಂದೇ ಬೀಗ ಬಿತ್ತು.

ಈಗ ಬೀಗದ ಕೈ ರಮ್ಯಾಳ ಸೊಂಟದಲ್ಲೇ ಇತ್ತು. ಚಿಕ್ಕಮ್ಮ ಅವ್ವನ ಕೋಣೆಯತ್ತ ತಿರುಗಿಯೂ ನೋಡಲಿಲ್ಲ. ತನ್ನ ಕೋಣೆಯ ಡಬ್ಬಿಯನ್ನು ದಿಟ್ಟಿಸಿ, "ಮತ್ತೆ ಇಳ್ಸವ್ರೆ" ಎಂದು ಗೊಣಗಿ, ಬಟನ್ ಒತ್ತಿ, ಎಳೆಹುಳುವಿನ ಮೇಲೆ ಕಾಗದ ಹೊದಿಸಿ ಹೊರಟುಹೋದಳು.

ರಮ್ಯಾ ಓಡಿ ಬಂದು ಅವ್ವನ ಕೋಣೆಯ ಬೀಗ ತೆಗೆದಳು. ಒಳಗೆ ಯಾರೂ ಇಲ್ಲ. ಬೆಳಗ್ಗೆ ಅವ್ವ ಇಪ್ಪತ್ನಾಲ್ಕಕ್ಕೆ ಇಟ್ಟುಹೋಗಿದ್ದ ಡಬ್ಬಿ ಇಪ್ಪತ್ತೇಳು ತೋರಿಸುತ್ತಿತ್ತು.

ಹಾಗಾದರೆ ಒತ್ತಿದ್ದು ಯಾರ ಕೈಯೂ ಅಲ್ಲ. ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ತಾನು ಬರೆದ ಪ್ರೋಗ್ರಾಮನ್ನು ಮೊದಲಿನಿಂದ ಓದತೊಡಗಿದಳು. ಕೋಣೆ ಎನ್ನುವುದಕ್ಕೆ ಒಂದು ಕ್ಲಾಸ್, ಅಂದರೆ ಅಚ್ಚು, ಅದರಿಂದ ಎರಡು ಕೋಣೆ, ಅಲ್ಲಿಯವರೆಗೆ ಸರಿಯಾಗಿತ್ತು. ಆದರೆ ಬೇಕಾದ ಶಾಖವನ್ನು ಮಾತ್ರ ಕೋಣೆಯ ಒಳಗಿಡದೆ, ಸುಲಭವಾಗಲಿ ಎಂದು ಎಲ್ಲಕ್ಕೂ ಹೊರಗೆ, ಗ್ಲೋಬಲ್ ಮಾಡಿ ಇಟ್ಟಿದ್ದಳು. ಕೋಣೆ ಎರಡು, ಅಂಕಿ ಒಂದೇ. ಕೊನೆಗೆ ಒತ್ತಿದವರ ಮಾತೇ ಎರಡು ಕಡೆಗೂ ನಡೆಯುತ್ತಿತ್ತು.

"ಎಲ್ಲರ ಕೈಗೂ ಸಿಗೋ ಕಡೆ ಇಟ್ಟರೆ, ಕೆಟ್ಟಾಗ ಯಾರ ಕೈ ಅಂತ ಹೇಳೋಕಾಗಲ್ಲ" ಎಂದು ಕಾಲೇಜಿನಲ್ಲಿ ಪ್ರತಿಮಾ ಮೇಡಂ ಪಾಠ ಮಾಡುತ್ತ ಹೇಳಿದ್ದಾಗ ಎಲ್ಲರ ಜೊತೆ ಅವಳೂ ತಲೆಯಾಡಿಸಿದ್ದಳು.

ಶಾಖದ ಆ ಸಾಲನ್ನು ಅಚ್ಚಿನ ಒಳಗೆ ತಂದು, ಪ್ರತಿ ಕೋಣೆಗೂ ಅದರದೇ ಅಂಕಿ ಕೊಟ್ಟಳು. ಒಂದು ಡಬ್ಬಿಯ ಬಟನ್ ಒತ್ತಿ ಇನ್ನೊಂದನ್ನು ನೋಡಿದಳು. ಅದರ ಅಂಕಿ ಅಲುಗಲಿಲ್ಲ.

ಸೊಪ್ಪು ಕುಯ್ಯುತ್ತಿದ್ದ ಚಿಕ್ಕಮ್ಮನ ಬಳಿ ಹೋಗಿ ಎಲ್ಲವನ್ನೂ ಹೇಳಿದಾಗ ಅವಳು ಕುಡುಗೋಲು ನಿಲ್ಲಿಸಲಿಲ್ಲ. "ನೀನೂ ನನ್ನೇ ಕಾಯ್ತಿದ್ದೆ, ಅಲ್ವಾ? ಕಂಡೆ" ಅಂದಳು. ಇನ್ನೊಂದು ಹಿಡಿ ಸೊಪ್ಪು ಕುಯ್ದು, "ನಿಮ್ಮವ್ವನ್ಗೆ ಹೇಳೋಗು."

ಬೋರಮ್ಮ ಕೇಳಿಸಿಕೊಂಡು ಮಗಳ ಮುಖವನ್ನೇ ನೋಡಿದಳು.

"ಹಿಂಗ್ ಹೇಳು ಅಂತ ಅವ್ಳೇ ಹೇಳ್ಕೊಟ್ಳಾ?"

"ಇಲ್ಲ ಕಣವ್ವ. ತಪ್ಪು ನಂದೇ."

"ನಿಂಗೆ ಅಳು ಬತ್ತಾ ಐತೆ. ಯಾರೋ ಬೈದವ್ರೆ."

ಸಂಜೆ ಬೋರಮ್ಮ ತಾನೇ ತನ್ನ ಕೋಣೆಯ ಬಟನ್ ಒತ್ತಿ, ಸರಸರನೆ ಪಕ್ಕದ ಕೋಣೆಯ ಬಾಗಿಲಿಗೆ ಬಂದು ಅಲ್ಲಿನ ಡಬ್ಬಿಯತ್ತ ಕತ್ತು ಚಾಚಿದಳು. ಮತ್ತೆ ಹೋದಳು, ಮತ್ತೆ ಬಂದಳು. ಒಳಗೆ ವರಲಕ್ಷ್ಮಿ ಬೆನ್ನು ಹಾಕಿಕೊಂಡು ಸೊಪ್ಪು ಹೆಚ್ಚುತ್ತಿದ್ದಳು.

"ಅಲ್ಲಿಂದ ಕಾಣಕ್ಕಿಲ್ಲ. ಒಳೀಕ್ ಬಂದು ನೋಡಕ್ಕ."

ಬೋರಮ್ಮ ಒಂದು ಕಾಲಿನ ಚಪ್ಪಲಿ ಬಿಟ್ಟಳು. ಇನ್ನೊಂದನ್ನು ಬಿಡದೆ, ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಿದ್ದಳು.