ಅಂಚೆ ಖರ್ಚು ಉಚಿತ

“ನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತು,” ಎಂದು ಮಲ್ಲಿಕಾರ್ಜುನಸ್ವಾಮಿ ಎರಡನೇ ಸಲ ಓದಿ, ಬುಟ್ಟಿಯ ಚಿತ್ರವಿದ್ದ ಮೊಬೈಲನ್ನು ಹೆಂಗಸರ ಕಡೆ ತಿರುಗಿಸಿದ. ಅಂಗಳದಲ್ಲಿ ಕೂತು ಲಂಟಾನದ ಕಡ್ಡಿ ಸೀಳುತ್ತಿದ್ದ ಆರು ಕತ್ತಿಗಳೂ ಒಟ್ಟಿಗೆ ನಿಂತವು. ಚಾಮರಾಜನಗರದ ಬಸ್ಸಿಳಿದು, ಅಂಗಡಿಗಳಲ್ಲಿ ಬೇಡಿ ತಂದ ರಟ್ಟಿನ ಡಬ್ಬಗಳನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದ ಕುಮಾರಿ ಬೇಲಿಯ ಹತ್ತಿರವೇ ನಿಂತುಬಿಟ್ಟಳು. ಮೊಬೈಲಿನ ಪರದೆ ಅವಳಿಗೆ ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಆ ಬೆಲೆ ಬರೆದವಳು ಅವಳೇ.

“ಇದು ನಂದೇ ಮಕ್ಕರಿ,” ಎಂದಳು ದೊಡ್ಡಮಾದಮ್ಮ, ಕಣ್ಣು ಕಿರಿದು ಮಾಡಿ. “ಬಾಯಿಕಟ್ಟು ನೋಡುದ್ರ ಗೊತ್ತಾಗಲ್ವಾ. ಎಷ್ಟಂದ್ರಿ ಸ್ವಾಮಿ?”

“ಐದು ಸಾವಿರ ಅನ್ನು. ಒಂದು ರೂಪಾಯಿ ಕಮ್ಮಿ.”

“ಸಗಣಿ ಮಕ್ಕರಿಗಾ?” ಮರಿತಾಯಮ್ಮ ಕಿಸಕ್ಕನೆ ನಕ್ಕಳು. “ಅಯ್ಯೋ, ಐದ್ ಸಾವ್ರ ಕೊಟ್ಟು ಸಗಣಿ ಒರೋ ದೊರೆಗೋಳು ಯಾರಪ್ಪ!”

ಎಲ್ಲರೂ ನಕ್ಕರು. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಒಂದು ಮಕ್ಕರಿಗೆ ಕುಮಾರಿ ಅವರಿಗೆ ಕೊಡುತ್ತಿದ್ದದ್ದು ಇನ್ನೂರೈವತ್ತು.

ಮಲ್ಲಿಕಾರ್ಜುನಸ್ವಾಮಿಗೆ ಗುಂಡ್ಲುಪೇಟೆಯ ಹೈವೇಯಲ್ಲಿ ಒಂದು ಅಂಗಡಿ. ಊಟಿಗೆ, ವಯನಾಡಿಗೆ ಹೋಗುವ ಕಾರುಗಳು ಅಲ್ಲಿ ನಿಲ್ಲುತ್ತವೆ. ಜೇನು, ನೀಲಗಿರಿ ಎಣ್ಣೆ, ಮಣಿಸರ ಮಾರುತ್ತಾನೆ. ಮಕ್ಕರಿ ಕೇಳಿಕೊಂಡು ಪುಣಜನೂರಿಗೆ ಎರಡು ಸಲ ಬಂದಿದ್ದ. ಎರಡು ಸಲವೂ ಕುಮಾರಿ, ನಮ್ಮದು ಫಾರಿನ್‌ಗೆ ಹೋಗುತ್ತೆ, ನಿಮ್ಮ ರೇಟಿಗೆ ಆಗಲ್ಲ ಎಂದು ಕಳಿಸಿದ್ದಳು. ಮೂರನೇ ಸಲ ಅವಳು ಮನೆಯಲ್ಲಿಲ್ಲದ ಹೊತ್ತು ನೋಡಿ ಬಂದಿದ್ದಾನೆ. ವ್ಯಾಪಾರಸ್ಥ, ಅವನನ್ನು ಬೈದು ಏನು ಪ್ರಯೋಜನ.

“ಕೆಳಗಡೆ ಇನ್ನೊಂದು ಸಾಲು ಅದೆ,” ಎಂದ ಅವನು. “ಅಂಚೆ ಖರ್ಚು ಉಚಿತ. ಕಳಿಸೋಕೆ ಕಾಸೂ ಖರ್ಚಿಲ್ಲ ಅಂತ ಅವಳೇ ಬರೆದವ್ಳೆ. ನಾನೇನೂ ಹೇಳ್ತಿಲ್ಲಪ್ಪ.”

ಇಂಥವರು ಏನೂ ಹೇಳುವುದಿಲ್ಲ. ಮೊಬೈಲು ಜೇಬಿಗೆ ಇಳಿಸಿ ಹೊರಟುಹೋದ. ಬೇಲಿಯ ಹತ್ತಿರ ಕುಮಾರಿಯನ್ನು ಕಂಡು, “ಏನಮ್ಮಾ, ಚೆನ್ನಾಗಿದ್ದೀಯಾ?” ಎಂದೂ ಕೇಳಿದ.

ಆ ‘ಉಚಿತ’ ಎಂಬ ಮಾತಿನ ಹಿಂದೆ ನಾಲ್ಕು ತಿಂಗಳ ಉಪವಾಸವಿತ್ತು. ಯಾವುದೋ ಸಂಸ್ಥೆಯವರು ಬಂದು, ಕಾಡು ನುಂಗುತ್ತಿರುವ ಲಂಟಾನದಲ್ಲಿ ಮಕ್ಕರಿ ಹೆಣೆಯಿರಿ ಎಂದು ತರಬೇತಿ ಕೊಟ್ಟು, ಫೋಟೋ ಹೊಡೆಸಿಕೊಂಡು ಹೋದರು. ಮಕ್ಕರಿಗಳು ಮೂಲೆಯಲ್ಲಿ ಬಿದ್ದವು. ಬಿ.ಎ. ಓದಿದ್ದ ಕುಮಾರಿಯೇ ಮೊಬೈಲಿನಲ್ಲಿ ತಡಕಾಡಿ, ವಿದೇಶದವರು ಕೈಕೆಲಸದ ಸಾಮಾನು ಕೊಳ್ಳುವ ಒಂದು ಸೈಟಿನಲ್ಲಿ ಅಂಗಡಿ ತೆರೆದಳು. ಅಲ್ಲಿ ದೇಶದೇಶಕ್ಕೂ ಅಂಚೆ ಖರ್ಚು ಎಷ್ಟೆಂದು ಮಾರುವವರೇ ಬರೆಯಬೇಕು. ಅವಳು ಕೊರಿಯರ್ ಆಫೀಸಿಗೆ ಹೋಗಿ ಕೇಳಿ, ಹನ್ನೊಂದು ದೇಶಗಳ ಮುಂದೆ ಹನ್ನೊಂದು ಅಂಕಿಗಳನ್ನು ಪ್ರಾಮಾಣಿಕವಾಗಿ ತುಂಬಿದಳು. ಮಕ್ಕರಿಗೆ ಸಾವಿರದ ಐನೂರು ಚಿಲ್ಲರೆ. ಜರ್ಮನಿಗೆ ಕಳಿಸಲು ಮೂರು ಸಾವಿರದ ನಾನೂರ ಇಪ್ಪತ್ತು.

ಒಂದೂ ಆರ್ಡರು ಬರಲಿಲ್ಲ. ಒಬ್ಬಳು ಮಾತ್ರ ಬರೆದಳು: ಬುಟ್ಟಿಗಿಂತ ಅಂಚೆ ಎರಡು ಪಾಲು ಜಾಸ್ತಿ, ಇದೇನು ತಮಾಷೆಯೇ? ಐದನೇ ತಿಂಗಳು ಕುಮಾರಿ ಎರಡನ್ನೂ ಕೂಡಿಸಿ ಬೆಲೆಯ ಜಾಗದಲ್ಲಿ ಬರೆದು, ಅಂಚೆಯ ಜಾಗದಲ್ಲಿ ‘ಉಚಿತ’ ಎಂದು ಒತ್ತಿದಳು. ವಾರದೊಳಗೆ ಮೂರು ಆರ್ಡರು. ಒಟ್ಟು ದುಡ್ಡು ಅದೇ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಓದಿದ ಜನ, ಕಾರಿನಲ್ಲಿ ಓಡಾಡುವ ಜನ, ಆ ಒಂದು ಮಾತಿಗೆ ಮರುಳಾಗಿ ಕೊಂಡರು. ಈಗ ಅದೇ ಮಾತು ಅವಳ ಅಂಗಳಕ್ಕೆ ಬಂದು ನಿಂತಿತ್ತು.

ಡಬ್ಬಗಳನ್ನು ಇಳಿಸುವ ಮೊದಲೇ ದೊಡ್ಡಮಾದಮ್ಮ ಕೇಳಿದಳು. ಅವಳು ಕುಮಾರಿಗೆ ಸೋದರತ್ತೆ. ಹೆಣೆಯಲು ಕಲಿಸಿದವಳೂ ಅವಳೇ, ಹರವೆ ಕಡೆಯಿಂದ ಕುಮಾರಿಯನ್ನು ಈ ಊರಿಗೆ ಮದುವೆ ಮಾಡಿಸಿ ಪಕ್ಕದ ಮನೆಗೇ ತಂದುಕೊಂಡವಳೂ ಅವಳೇ.

“ಅಮ್ಮಿ, ಐದ್ ಸಾವ್ರಂತಲ್ಲ. ದಿಟವಾ?”

“ದಿಟ ಕಣತ್ತೆ. ಆದ್ರ ಅದ್ರಲ್ಲಿ ಮುಕ್ಕಾಲು ಪಾಲು ಕಳ್ಸದ್ಕೇ ಓಯ್ತದ.”

“ಕಳ್ಸದು ಪ್ರೀ ಅಂತ ಬರ್ದಿದ್ದೀಯಂತ?” ಎಂದಳು ಮರಿತಾಯಮ್ಮ.

“ಅದು ತಕ್ಕಳೋರಿಗ ಪ್ರೀ. ನಮ್ಗಲ್ಲ. ಈಗ ನೋಡಕ್ಕಾ, ಬಸ್ಸು ನಮ್ಗ ಪ್ರೀ ಅಲ್ವಾ? ಅಂಗಂತ ಡೀಸಲ್ ಪ್ರೀಯಾಗ್ ಬತ್ತದಾ? ನಮ್ ಟಿಕೇಟ್ ದುಡ್ಡ ಸರ್ಕಾರ ಕಟ್ತದ. ಇದೂ ಅಂಗೇಯ.”

ಮರಿತಾಯಮ್ಮ ಕತ್ತಿಯ ಮೊನೆಯಲ್ಲಿ ಉಗುರಿನ ಸಂದಿ ಕೆರೆದುಕೊಂಡಳು. “ಓ. ಅಂಗಾರ ಇಲ್ಲಿ ಸರ್ಕಾರ ಯಾರಮ್ಮಿ? ನಾವಾ?”

ಈ ಸಲ ನಕ್ಕ ನಗು ಬೇರೆ ಥರದ್ದು. ದೊಡ್ಡಮಾದಮ್ಮ ಮಾತ್ರ ನಗಲಿಲ್ಲ. “ಸುಮ್ಕಿರ್ರವ್ವ. ನಮ್ ಉಡ್ಗಿ ಅಂಗ ಮಾಡೋಳಲ್ಲ. ನಾಳ ನಾನೇ ಅವ್ಳ್ ಜೊತ ಓಗಿ ಕಣ್ಣಾರ ನೋಡ್ಕಂಡ್ ಬತ್ತೀನಿ,” ಎಂದು ಎದ್ದಳು.

ಕುಮಾರಿಯ ಗಂಡ ದೊರೆಸ್ವಾಮಿ ಪಂಚಾಯಿತಿಯ ನೀರುಗಂಟಿ. ಊಟಕ್ಕೆ ಕೂತಾಗ ವಿಷಯ ಕೇಳಿ, ಅನ್ನ ಕಲಸುತ್ತಾ ಹೇಳಿದ: “ಅತ್ತೆನ ಕರ್ಕಂಡೋಗ್ಬ್ಯಾಡ. ಲೆಕ್ಕ ತೋರ್ಸಕ ಓದ್ರ ಪೂರ್ತಿ ತೋರುಸ್ಬೇಕಾಯ್ತದ.”

“ಅಂಚೆ ಖರ್ಚಷ್ಟೇ ತೋರುಸ್ತೀನಿ. ಅದೇನ್ ಸುಳ್ಳಾ?”

“ಅದು ಸುಳ್ಳಲ್ಲ ಬುಡು,” ಎಂದವನು ಮತ್ತೆ ತಲೆ ಎತ್ತಲಿಲ್ಲ.

ಬೆಳಗ್ಗೆ ಸತ್ಯಮಂಗಲದ ಕಡೆಯಿಂದ ಬಂದ ತಮಿಳುನಾಡಿನ ಬಸ್ಸನ್ನು ಬಿಟ್ಟು, ನಮ್ಮ ಬಸ್ಸಿಗೆ ಕಾದು ಹತ್ತಿದರು. ದೊಡ್ಡಮಾದಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಪ್ಯಾಕ್ ಮಾಡಿದ ಡಬ್ಬವನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಕುಮಾರಿ ಕೇಳಿದರೂ ಕೊಡಲಿಲ್ಲ. ಒಳಗಿದ್ದದ್ದು ತಾನೇ ಹೆಣೆದ ಮಕ್ಕರಿ.

ಕೊರಿಯರ್ ಆಫೀಸಿನ ಹುಡುಗಿ ಡಬ್ಬವನ್ನು ತಕ್ಕಡಿಯ ಮೇಲಿಟ್ಟಳು. ಎಂಟುನೂರ ನಲವತ್ತು ಗ್ರಾಮು. ಆಮೇಲೆ ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆದು ಕಂಪ್ಯೂಟರಿಗೆ ಒತ್ತಿ, “ನಾಲ್ಕೂವರೆ ಕೇಜಿ. ಮೂರು ಸಾವಿರದ ನಾನೂರ ಇಪ್ಪತ್ತು,” ಎಂದಳು.

“ತಡಿಯವ್ವ, ತಡಿ,” ಎಂದಳು ದೊಡ್ಡಮಾದಮ್ಮ. “ಒಂದ್ ಕೇಜಿನೂ ಬರ್ನಿಲ್ಲ, ನಾನೇ ನೋಡ್ದಿ.”

“ಅಜ್ಜಿ, ಫಾರಿನ್‌ಗೆ ಬರೀ ತೂಕ ನೋಡಲ್ಲ. ವಿಮಾನದಲ್ಲಿ ಎಷ್ಟು ಜಾಗ ಹಿಡಿಯುತ್ತೋ ಅಷ್ಟಕ್ಕೆ ದುಡ್ಡು.”

“ಜಾಗದೊಳ್ಗ ಏನದವ್ವ, ಗಾಳಿ ತಾನ?”

“ಗಾಳಿಗೂ ಸೇರಿಸಿ ಅಜ್ಜಿ.”

ದೊಡ್ಡಮಾದಮ್ಮ ಒಂದು ಗಳಿಗೆ ಹುಡುಗಿಯ ಮುಖ ನೋಡಿದಳು, ಡಬ್ಬ ನೋಡಿದಳು, ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ನಿಲ್ಲದ ನಗು. “ಪುಣಜನೂರ್ ಗಾಳಿಯ ವಿಮಾನ್ದಲ್ಲಿ ಕಳುಸ್ತಾವ್ಳಲ್ಲಪ್ಪೋ ನಮ್ ಉಡ್ಗಿ!” ಸಾಲಿನಲ್ಲಿ ನಿಂತವರೂ ನಕ್ಕರು. ಕುಮಾರಿ ದುಡ್ಡು ಕಟ್ಟಿದಳು, ಮುದುಕಿ ರಸೀದಿ ಇಸಿದುಕೊಂಡು ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದಳು. ಅಕ್ಷರ ಬಾರದಿದ್ದರೂ ಅಂಕಿ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದವಳೂ ಅವಳೇ. ಎರಡು ಪ್ಲೇಟು ಬೋಂಡ, ಎರಡು ಕಾಫಿ. ದುಡ್ಡು ತೆಗೆಯಲು ಹೋದ ಕುಮಾರಿಯ ಕೈಗೆ ಒಂದು ಏಟು ಕೊಟ್ಟು, ಸೊಂಟದ ಚೀಲದಿಂದ ತಾನೇ ನೋಟು ತೆಗೆದಳು. ಒಂದು ವರ್ಷದಲ್ಲಿ ಕುಮಾರಿಗೆ ಎದೆ ಅಷ್ಟು ಹಗುರವಾಗಿದ್ದದ್ದು ಆ ಹತ್ತು ನಿಮಿಷ ಮಾತ್ರ.

“ಈಗ ಪೂರಾ ಲೆಕ್ಕ ಹೇಳ್ಬುಡು,” ಎಂದಳು ದೊಡ್ಡಮಾದಮ್ಮ, ಬೋಂಡ ಚಟ್ನಿಗೆ ಅದ್ದುತ್ತಾ. “ಮರಿತಾಯಿ ಬಾಯ ಇವತ್ತೇ ಮುಚ್ಚುಸ್ಬುಡ್ತೀನಿ. ಇಲ್ಲಿ ಕಟ್ಟದ್ದು ಇಷ್ಟಾಯ್ತು. ನಂಗ ಇನ್ನೂರೈವತ್ತು. ಮಿಕ್ಕದ್ದು?”

“ಸೈಟಿನೋರು ಐನೂರೈವತ್ತು ಇಡ್ಕತ್ತಾರ. ಡಬ್ಬ, ಟೇಪು ನೂರಿಪ್ಪತ್ತು.”

“ಉಂ. ಮಿಕ್ಕದ್ದು?”

ಸುಳ್ಳು ಹೇಳಬಹುದಿತ್ತು. ನೂರು ಎಂದಿದ್ದರೆ ಮುದುಕಿ ನಂಬುತ್ತಿದ್ದಳು, ಅಯ್ಯೋ ಅಷ್ಟೇಯಾ ಎಂದು ಮರುಕ ಪಡುತ್ತಿದ್ದಳು. ಆದರೆ ಮದುವೆ ಸೀರೆ ಉಟ್ಟು, ಬೋಂಡ ಕೊಡಿಸಿ, ತನ್ನ ಪರವಾಗಿ ಜಗಳ ಆಡಲು ತಯಾರಾಗಿ ಕೂತವಳ ಮುಂದೆ ಕುಮಾರಿಯ ನಾಲಿಗೆಗೆ ಸುಳ್ಳು ಸಿಗಲಿಲ್ಲ.

“ಆರ್ನೂರೈವತ್ತು ಉಳೀತದ ಅತ್ತೆ.”

“ಯಾರ್ಗ?”

“ನಂಗ.”

ದೊಡ್ಡಮಾದಮ್ಮ ಅಗಿಯುವುದನ್ನು ನಿಲ್ಲಿಸಿದಳು. ಕುಮಾರಿಯ ಬಾಯಿಂದ ಮಾತುಗಳು ಒಂದರ ಮೇಲೊಂದು ಬಿದ್ದವು. ಫೋಟೋ ತೆಗೆಯುವುದು ನಾನು, ಅವರ ಇಂಗ್ಲಿಷಿಗೆ ಉತ್ತರ ಕೊಡುವುದು ನಾನು, ಎರಡು ಡಬ್ಬ ಅಪ್ಪಚ್ಚಿಯಾಗಿ ಹೋದಾಗ ಪೂರ್ತಿ ದುಡ್ಡು ವಾಪಸು ಕೊಟ್ಟವಳು ನಾನು, ನಿಮ್ಮ ಹತ್ತಿರ ಒಂದು ಪೈಸೆ ಕೇಳಿದೆನಾ? ಎಲ್ಲವೂ ನಿಜವೇ. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಳು, ತಲೆಯನ್ನೂ ಆಡಿಸಿದಳು.

“ಯುಗಾದೀಲಿ ನಾ ಒಂದ್ ಮಾತ್ ಕೇಳುದ್ದಿ. ಗ್ಯಾನ ಅದಾ?”

ಕುಮಾರಿ ಕಾಫಿ ಲೋಟ ನೋಡಿದಳು.

“ಕೈ ಎಲ್ಲ ಕುಯ್ದೋಯ್ತವ, ಒಂದ್ ಐವತ್ರುಪಾಯಿ ಜಾಸ್ತಿ ಮಾಡಮ್ಮಿ ಅಂತ ನಾ ಅಂದಿ. ನೀ ಏನಂದ?”

“ಅತ್ತೆ...”

“ಗಿಟ್ಟಲ್ಲ ಅಂದ ನೀ. ಅಂಚೆನೇ ಎಲ್ಲಾನೂ ತಿಂದಾಕ್ತದ, ಗಿಟ್ಟಲ್ಲ ಅತ್ತೆ ಅಂದ. ನಾ ಓಗಿ ಅವ್ರೆಲ್ರಿಗೂ ಅದ್ನೇ ಏಳ್ದಿ.”

“ನಾಳಿಂದ ನಾನೂರ್ ಕೊಡ್ತೀನಿ. ಎಲ್ರಿಗೂ.”

“ನೆನ್ನಗಂಟ ಯಾಕ ಕೊಡ್ನಿಲ್ಲ?”

ಅಷ್ಟೇ ಕೇಳಿದ್ದು. ಅರ್ಧ ಉಳಿದ ಬೋಂಡವನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಇಬ್ಬರ ಸೀಟು ಖಾಲಿ ಇತ್ತು. ಅವಳು ಮುಂದೆ ಹೋಗಿ ಯಾರೋ ಸೊಪ್ಪಿನ ಹೆಂಗಸಿನ ಪಕ್ಕ ಕೂತಳು.

ಮನೆಗೆ ಬಂದವಳೇ ಕುಮಾರಿ ಮೊಬೈಲು ಹಿಡಿದು ಕೂತಳು. ಒಂದೊಂದೇ ದೇಶ ತೆರೆದು, ‘ಉಚಿತ’ ಎಂಬುದನ್ನು ಅಳಿಸಿ, ನಿಜವಾದ ಅಂಚೆ ಖರ್ಚನ್ನು ಮತ್ತೆ ತುಂಬಿದಳು. ಜರ್ಮನಿ, ಫ್ರಾನ್ಸ್, ಕೆನಡಾ. ಹನ್ನೊಂದೂ ಮುಗಿಯುವಷ್ಟರಲ್ಲಿ ದೊರೆಸ್ವಾಮಿ ದೀಪ ಹಾಕಿದ. ಮಕ್ಕರಿಗೆ ಇಷ್ಟು, ಅಂಚೆಗೆ ಇಷ್ಟು. ಈಗ ಯಾರು ಬೇಕಾದರೂ ಓದಬಹುದು. ಇನ್ನು ಆರ್ಡರು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಒತ್ತಿದಳು. ಬೆಳಿಗ್ಗೆ ಅತ್ತೆಗೆ ತೋರಿಸಬೇಕು ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು.

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ರಸ್ತೆಯಲ್ಲಿ ಗುಂಡ್ಲುಪೇಟೆಯ ಲಗೇಜು ಆಟೋ ನಿಂತಿತ್ತು. ಹೆಂಗಸರು ಮಕ್ಕರಿಗಳನ್ನು ಒಂದರೊಳಗೊಂದು ಇಳಿಸಿ ತಂದು ಕೊಡುತ್ತಿದ್ದರು, ಮಲ್ಲಿಕಾರ್ಜುನಸ್ವಾಮಿ ಎಣಿಸುತ್ತಿದ್ದ. ಕುಮಾರಿ ಬರಿಗಾಲಲ್ಲೇ ಓಡಿ, ಮರಿತಾಯಮ್ಮನ ಮುಂದೆ ಮೊಬೈಲು ಹಿಡಿದಳು. “ನೋಡಕ್ಕಾ, ಬ್ಯಾರೆ ಬ್ಯಾರೆ ಬರ್ದಿವ್ನಿ. ಎಲ್ಲ ಕಾಣ್ತದ ಈಗ.”

“ಈಗ ಬರ್ದಿದ್ದೀಯಾ,” ಎಂದಳು ಮರಿತಾಯಮ್ಮ, ನೋಡದೆಯೇ. “ಸ್ವಾಮಿ ತೋರ್ಸಕ ಮುಂಚ ಬರೀಬೇಕಾಗಿತ್ತು ಕಣಮ್ಮಿ.”

ದೊಡ್ಡಮಾದಮ್ಮ ಆಟೋದ ಹಿಂದೆ ಹಗ್ಗ ಬಿಗಿಯುತ್ತಿದ್ದಳು. ಕುಮಾರಿ ಹತ್ತಿರ ಹೋಗಿ ದನಿ ತಗ್ಗಿಸಿದಳು. “ಅತ್ತೆ, ಅವ ಎಷ್ಟ್ ಕೊಡ್ತಾನ?”

“ಇನ್ನೂರಿಪ್ಪತ್ತು.”

“ನಾ ಕೊಡ್ತಿದ್ದದ್ಕಿಂತ ಮೂವತ್ತು ಕಮ್ಮಿ! ನಾ ನಾನೂರ್ ಕೊಡ್ತೀನಿ ಅಂತೀವ್ನಿ. ಅವ ಅಲ್ಲಿ ಎಷ್ಟ್‌ಗ್ ಮಾರ್ತಾನ ಅಂತ ಕೇಳುದ್ರಾ?”

“ಎಷ್ಟ್‌ಗಾರ ಮಾರ್ಕಳ್ಳಿ.” ದೊಡ್ಡಮಾದಮ್ಮ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದಳು. “ಅವ ಒರ್ಗನೋನು. ಅವ ಕಿತ್ಕಂಡ್ರ ನೋಯಲ್ಲ.”

ಆಟೋ ಹೊರಟಿತು. ಹೆಂಗಸರು ನೋಟುಗಳನ್ನು ಕುಪ್ಪಸದೊಳಗೆ ಸೇರಿಸಿಕೊಂಡು ತಂತಮ್ಮ ಮನೆಗೆ ಹೋದರು. ಕುಮಾರಿ ಬಾಗಿಲ ಮೆಟ್ಟಿಲ ಮೇಲೆ ಕೂತಳು.

ಎರಡು ಮನೆಗೂ ಸೇರಿ ಒಂದೇ ಅಂಗಳ. ಕುಮಾರಿ ಮದುವೆಯಾಗಿ ಬಂದ ದಿನದಿಂದ ಆ ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ದೊಡ್ಡಮಾದಮ್ಮನೇ ಗುಡಿಸುತ್ತಿದ್ದಳು. ನೀನು ಗುಡಿಸಿದರೆ ಧೂಳು ಅಲ್ಲೇ ಇರುತ್ತೆ ಎಂದು ಬೈಯುತ್ತಿದ್ದಳು. ಈಗ ಅವಳು ಪೊರಕೆ ಹಿಡಿದು ತನ್ನ ಬಾಗಿಲಿಂದ ಶುರುಮಾಡಿದಳು. ಲಂಟಾನದ ಸಿಪ್ಪೆ, ಸೀಳು, ಹಗ್ಗದ ಚೂರು ಎಲ್ಲವನ್ನೂ ತಳ್ಳಿಕೊಂಡು ಅಂಗಳದ ನಡುವಿಗೆ ಬಂದಳು. ಅಲ್ಲಿ ಬಗ್ಗಿ, ಕಸವನ್ನು ಮೊರಕ್ಕೆ ಎಳೆದುಕೊಂಡು, ನೀರು ಚಿಮುಕಿಸಿ, ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಅಂಗಳದ ಆ ಅರ್ಧ ಒದ್ದೆಯಾಗಿ ಕಪ್ಪಗೆ ಕಾಣುತ್ತಿತ್ತು. ಈ ಅರ್ಧದಲ್ಲಿ ನೆನ್ನೆಯ ಸಿಪ್ಪೆಗಳು ಬಿಸಿಲಿಗೆ ಮುರುಟಿಕೊಳ್ಳುತ್ತಾ ಬಿದ್ದಿದ್ದವು.