ಅಣ್ಣನ ಹಿಡಿ

“ನಿಮ್ಮಣ್ಣಂದು ಹಿಡೀನಾ ಅದು? ಸಲಿಕೆ ಕಣೋ, ಸಲಿಕೆ!” ಎಂದಳು ಅತ್ತಿಗೆ, ತರಕಾರಿ ಕತ್ತರಿಸುವ ಯಂತ್ರದ ಬಟ್ಟಲಿನೊಳಗೆ ಇಣುಕುತ್ತಾ. ಅವಳು ಹಾಕಿದ್ದ ಒಂದು ಹಿಡಿ ಬೆಳ್ಳುಳ್ಳಿಯಲ್ಲಿ ಒಂದೇ ಒಂದು ಎಸಳೂ ತುಂಡಾಗಿರಲಿಲ್ಲ. ಎಲ್ಲ ಎಸಳುಗಳೂ ಬಟ್ಟಲಿನ ಅಂಚಿಗೆ ಹಾರಿ ಅಂಟಿಕೊಂಡಿದ್ದವು. “ಬಟ್ಟಲನ್ನ ಅವರ ಮುಷ್ಟಿ ಅಳತೆಗೆ ಮಾಡಿದ್ದೀರಿ. ಅಡುಗೆ ಮಾಡೋರು ಯಾರು, ಅವರಾ?”

ತಮ್ಮನಿಗೂ ಅದೇ ಅನಿಸಿತ್ತು. ಹೇಳುವ ಧೈರ್ಯ ಇರಲಿಲ್ಲ, ಅಷ್ಟೆ.

ಯಂತ್ರದ ಯೋಚನೆ ತಮ್ಮನದು, ಲೋಹ ಕಡೆಯುವ ಲೇತಿನ ಕೆಲಸ ಅಣ್ಣನದು. ಮನೆಯ ಹಿಂದಿನ ಶೆಡ್ಡಿನಲ್ಲಿ ಇಬ್ಬರೂ ಸೇರಿ ಅದನ್ನು ಕಟ್ಟುತ್ತಿದ್ದರು. ಮೋಟಾರು ಒಂದೇ. ಹೊರಗೆ ಬಕೆಟ್ಟಿನಷ್ಟು ದೊಡ್ಡ ಜಾರು, ಸ್ವಲ್ಪವೇ ಕತ್ತರಿಸುವುದಿದ್ದರೆ ಅದರೊಳಗೆ ಇಳಿಸಲು ಪುಟ್ಟ ಬಟ್ಟಲು. ಮನೆಗೂ ಆಗಬೇಕು, ಕ್ಯಾಂಟೀನಿಗೂ ಆಗಬೇಕು. ಮುಂದುಗಡೆಯ ಗುಂಡಿಗೆ ಎರಡು ಗುರುತು. “ಸಣ್ಣದು, ದೊಡ್ಡದು ಅಂತ ಬರೆಯೋಕೆ ಇದೇನು ಚಪ್ಪಲಿ ಅಂಗಡಿನಾ?” ಎಂದು ಅತ್ತಿಗೆಯೇ ತನ್ನ ಉಗುರುಬಣ್ಣದಲ್ಲಿ ಒಂದು ಕಡೆ ‘ಹಿಡಿ’, ಇನ್ನೊಂದು ಕಡೆ ‘ರಾಶಿ’ ಎಂದು ಬರೆದಿದ್ದಳು. ಹಿಡಿಗೆ ತಿರುಗಿಸಿದರೆ ಬ್ಲೇಡು ನಿಧಾನ, ರಾಶಿಗೆ ತಿರುಗಿಸಿದರೆ ಪೂರ್ತಿ ಜೋರು.

“ಏನೇ ಅದು ಸಲಿಕೆ?” ಲೇತಿನ ಕಡೆಯಿಂದ ಅಣ್ಣ ಎದ್ದು ಬಂದ.

ಅಣ್ಣನ ಕೈ ನಿಜಕ್ಕೂ ದೊಡ್ಡದು. ಅದರ ಅಳತೆ ತಮ್ಮನ ಬೆನ್ನಿಗೆ ಗೊತ್ತು, ಕೆನ್ನೆಗೆ ಗೊತ್ತು. ಆ ಕೈ ಮೇಲೆದ್ದರೆ ಸಾಕು, ತಮ್ಮ ಎರಡು ಹೆಜ್ಜೆ ಹಿಂದಕ್ಕೆ ಹಾರುತ್ತಿದ್ದ. ಅದಕ್ಕೇ ಅವನ ಹೆಸರು ಸ್ಪ್ರಿಂಗು. ಹೆಸರಿಟ್ಟವನೂ ಅಣ್ಣನೇ.

“ಅಣ್ಣ, ಬಟ್ಟಲು ಅತ್ತಿಗೆ ಹಿಡಿ ಅಳತೆಗೇ ಮಾಡೋಣ,” ಎಂದ ತಮ್ಮ. ಬಾಯಿ ತೆರೆದದ್ದಾಯಿತು, ಇನ್ನೊಂದನ್ನೂ ಹೇಳಿಬಿಟ್ಟ. “ಮುಚ್ಚಳದ ಕೊಂಡಿಗೆ ವೈರು ಸುತ್ತಿದ್ದೀಯಲ್ಲ, ಅದನ್ನೂ ತೆಗಿ. ಈಗ ಮುಚ್ಚಳ ಬಿಚ್ಚಿದ್ರೂ ಬ್ಲೇಡು ತಿರುಗ್ತಾನೇ ಇರತ್ತೆ. ಯಾರದ್ದಾದ್ರೂ ಬೆರಳು ಹೋಗತ್ತೆ.”

“ನಿನ್ನ ಕೊಂಡಿ ಸ್ವಲ್ಪ ಅಲ್ಲಾಡಿದ್ರೆ ಸಾಕು, ಮೋಟಾರು ನಿಂತುಬಿಡತ್ತೆ. ಸಂಜೆ ಯಂತ್ರ ನೋಡೋಕೆ ಬರೋ ಕ್ಯಾಂಟೀನಿನವರ ಮುಂದೆ ಅದು ನಿಂತ್ರೆ ನೀನು ಕುಣಿದು ತೋರಿಸ್ತೀಯೇನೋ?”

“ನಿಂತ್ರೆ ನಿಲ್ಲಲಿ—”

ಮಾತು ಮುಗಿಯಲಿಲ್ಲ. ಹಿಂದೆ ಗೋಡೆಯಿದ್ದುದರಿಂದ ಸ್ಪ್ರಿಂಗು ಹಾರಲಿಲ್ಲ. ಏಟು ಬಾಯಿಗೆ ಬಿತ್ತು, ತುಟಿ ಸೀಳಿತು. ತಮ್ಮನ ಕೈಗೆ ತರಕಾರಿ ಒತ್ತುವ ಮರದ ಕೋಲು ಸಿಕ್ಕಿತು. ಯಾವತ್ತೂ ತಿರುಗಿ ಬೀಸದವನು ಅವತ್ತು ಬೀಸಿದ. ಕೋಲು ಅಣ್ಣನ ಕಿವಿಗೆ ಬಡಿಯಿತು. ಅಣ್ಣ ಅವನ ಕೂದಲು ಹಿಡಿದು ತಲೆಯನ್ನು ಮೇಜಿಗೆ ಚಚ್ಚಿದ, ಕೆಳಗೆ ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ. ಅತ್ತಿಗೆ ಕ್ಯಾರೆಟ್ ತೊಳೆದ ನೀರನ್ನು ಬೇಸಿನ್ನು ಸಮೇತ ಇಬ್ಬರ ಮೇಲೂ ಸುರಿದಳು.

“ನಾಯಿಗಳ ಜಗಳ ಬಿಡಿಸೋದು ಹೀಗೇ! ಏಳ್ರೋ! ಸಂಜೆ ಜನ ಬರ್ತಾರೆ.”

ಒದ್ದೆ ನೆಲದ ಮೇಲೆ ಬಿದ್ದುಕೊಂಡೇ ತಮ್ಮ ಅಂದುಕೊಂಡ: ಆ ಕೈ ಮುರಿದು ಬೀಳಲಿ.

ಆದರೂ ಕೆಲಸ ಕೆಲಸವೇ. ಪುಟ್ಟ ಬಟ್ಟಲನ್ನು ಪಕ್ಕಕ್ಕಿಟ್ಟು ದೊಡ್ಡ ಜಾರಿಗೆ ಕಂಠಮಟ್ಟ ಕ್ಯಾರೆಟ್ ತುಂಬಿದರು. ಅಣ್ಣ ಗುಂಡಿಯನ್ನು ರಾಶಿಗೆ ತಿರುಗಿಸಿದ. ಯಂತ್ರ ಗುಡುಗಿತು, ನಡುಗಿತು, ಮೇಜಿನ ಅಂಚಿನ ಕಡೆಗೆ ತಾನೇ ನಡೆಯತೊಡಗಿತು. ತಮ್ಮ ಓಡಿಹೋಗಿ ಅದರ ಬುಡವನ್ನು ಎರಡೂ ಕೈಗಳಿಂದ ಅವುಚಿಕೊಂಡ. ಗುಂಡಿ ಇದ್ದದ್ದು ಅಣ್ಣನ ಕಡೆಗೆ. ವೇಗ ಇಳಿಯಲೇಬೇಕು.

“ಹಿಡಿ! ಅಣ್ಣಾ, ಹಿಡಿ!” ಎಂದು ಕೂಗಿದ.

ಗುಂಡಿಯನ್ನು ಹಿಡಿಗೆ ತಿರುಗಿಸು ಎಂದು ಅವನ ಅರ್ಥ. ಅಣ್ಣ ಹಿಡಿದ. ಬೀಳುತ್ತಿದ್ದ ಜಾರನ್ನು ಬಲಗೈಯಲ್ಲಿ ಬಾಚಿ ಹಿಡಿದ. ಅದೇ ಗಳಿಗೆಗೆ ಮುಚ್ಚಳ ಹಾರಿತು, ಅವನ ಬೆರಳುಗಳು ಜಾರಿನ ಬಾಯೊಳಗೆ ಹೋದವು. ವೈರು ಸುತ್ತಿದ್ದ ಕೊಂಡಿ ಮೋಟಾರನ್ನು ನಿಲ್ಲಿಸಲಿಲ್ಲ.

ಸದ್ದು ಮಾತ್ರ ಬದಲಾಯಿತು. ಕ್ಯಾರೆಟ್ಟಿನ ಸದ್ದೇ ಬೇರೆ, ಮೂಳೆಯ ಸದ್ದೇ ಬೇರೆ. ಅತ್ತಿಗೆ ಪ್ಲಗ್ಗನ್ನು ಗೋಡೆಯಿಂದ ಕಿತ್ತೆಸೆದಳು. ಅಷ್ಟರಲ್ಲಿ ಜಾರಿನ ತುಂಬ ಕೆಂಪು, ಯಾವುದು ಕ್ಯಾರೆಟ್ಟು ಯಾವುದು ಅಲ್ಲ ಎಂದು ಹೇಳುವಂತಿರಲಿಲ್ಲ.

ಅಣ್ಣ ಕಿರುಚಲಿಲ್ಲ. ಕೈಯನ್ನೇ ನೋಡಿದ. ಆಮೇಲೆ ತಮ್ಮನನ್ನು ನೋಡಿದ.

“ಬೇಕಂತ್ಲೇ ಹೇಳ್ದೆ! ಬೇಕಂತ್ಲೇ ಹಿಡಿ ಅಂದೆ!”

ಎಂದವನೇ ಅದೇ ಕೈಯಿಂದ ತಮ್ಮನ ಮುಖಕ್ಕೆ ಹೊಡೆದ. ಒಂದಲ್ಲ, ಅತ್ತಿಗೆ ಅವನ ಸೊಂಟಕ್ಕೆ ಜೋತುಬೀಳುವವರೆಗೂ ಹೊಡೆದ. ಏಟು ತಮ್ಮನಿಗೆ, ರಕ್ತ ಅಣ್ಣನದು. ತಮ್ಮ ಒಂದಕ್ಕೂ ಹಾರಲಿಲ್ಲ. ನಿಂತಲ್ಲೇ ನಿಂತು ಎಲ್ಲವನ್ನೂ ತಿಂದ.

ಕಿರುಬೆರಳು, ಉಂಗುರಬೆರಳು ಎರಡೂ ಹೋದವು. ಆಸ್ಪತ್ರೆಯಲ್ಲಿ ಉಳಿದದ್ದಕ್ಕೆ ಹೊಲಿಗೆ ಹಾಕಿದರು. ಕ್ಯಾಂಟೀನಿನವರು ಬಂದು, ಶೆಡ್ಡಿನ ಬಾಗಿಲಲ್ಲೇ ನಿಂತು, ಒಳಗೊಮ್ಮೆ ನೋಡಿ ಹಿಂದಿರುಗಿದರು.

ಅಣ್ಣ ಮನೆಯೊಳಗೆ ಮಲಗಿದ. ತಮ್ಮ ಶೆಡ್ಡು ಬಿಟ್ಟು ಒಳಗೆ ಕಾಲಿಡಲಿಲ್ಲ. ಅತ್ತಿಗೆ ತಟ್ಟೆ ತಂದಿಟ್ಟು ಹೋಗುವಳು. ಅವನು ಜಾರನ್ನು ಉಜ್ಜಿ ತೊಳೆದ, ಕೊಂಡಿಯ ವೈರನ್ನು ಕತ್ತರಿಸಿ ಹಾಕಿದ, ಪುಟ್ಟ ಬಟ್ಟಲನ್ನು ಅತ್ತಿಗೆಯ ಹಿಡಿ ಅಳತೆಗೆ ಹೊಸದಾಗಿ ಮಾಡಿದ. ಉಗುರುಬಣ್ಣದ ‘ಹಿಡಿ’ ಎಂಬ ಮಾತನ್ನು ಅಳಿಸಲು ಮಾತ್ರ ಕೈ ಬರಲಿಲ್ಲ. ಅಳಿಸಿದರೆ ತಪ್ಪು ಒಪ್ಪಿಕೊಂಡಂತೆ, ಉಳಿಸಿದರೆ ಅಣಕಿಸಿದಂತೆ.

ಕಟ್ಟು ಬಿಚ್ಚಿದ ಮೇಲೆ ಅಣ್ಣ ಶೆಡ್ಡಿಗೆ ಬಂದ. ಹಿಂದೆಯೇ ಅತ್ತಿಗೆ, ಕಡಲೆಬೀಜದ ಡಬ್ಬಿ ಹಿಡಿದುಕೊಂಡು.

“ಸ್ಪ್ರಿಂಗು, ಒಂದು ಮಾತು. ಸುಳ್ಳು ಹೇಳಿದ್ರೆ ಇನ್ನೊಂದು ಕೈ ಇದೆ ನಂಗೆ. ಹಿಡಿ ಅಂದಾಗ ಮನಸಲ್ಲಿ ಏನಿತ್ತು?”

“ಗುಂಡಿ ಇತ್ತಣ್ಣ. ಗುಂಡಿ ತಿರುಗಿಸು ಅಂತಲೇ.” ತಮ್ಮ ಗುಂಡಿಯ ಕಡೆ ಬೆರಳು ತೋರಿದ. “ಆದ್ರೆ ಅದಕ್ಕೆ ಸ್ವಲ್ಪ ಮುಂಚೆ, ನೀನು ಒದ್ದೆಯಲ್ಲ, ಆಗ ನಿನ್ನ ಕೈ ಮುರಿದು ಬೀಳಲಿ ಅಂದ್ಕೊಂಡಿದ್ದೆ.”

ಅತ್ತಿಗೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು.

“ಅದು ನಂಗೊತ್ತಿಲ್ವೇನೋ? ಚಡ್ಡಿ ಹಾಕ್ತಿದ್ದಾಗಿಂದ ಅದನ್ನೇ ಅಂದ್ಕೊಂಡು ಬಂದಿದ್ದೀಯ,” ಎಂದ ಅಣ್ಣ. ಯಂತ್ರದ ಹತ್ತಿರ ಹೋಗಿ ಕೊಂಡಿಯನ್ನು ಮುಟ್ಟಿ ನೋಡಿದ. “ವೈರು ಸುತ್ತಿದ್ದು ನಾನೇ ತಾನೆ.”

“ಈ ಹೆಸರು ಬೇಡಾರೀ,” ಎಂದಳು ಅತ್ತಿಗೆ. “ಅಳಿಸಿ ‘ಚೂರು’ ಅಂತ ಬರೀತೀನಿ.”

“ಚೂರಾ? ಅದನ್ನ ಕಣ್ಣಾರೆ ನೋಡಿದ್ದೀನಿ. ಹಿಡೀನೇ ಇರ್ಲಿ ಬಿಡು.”

ಅಣ್ಣ ಬಲಗೈ ಎತ್ತಿದ. ತಮ್ಮ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಕೈ ಡಬ್ಬಿಯೊಳಗೆ ಹೋಯಿತು. ಮೂರು ಬೆರಳಿನ ಮುಷ್ಟಿ ತುಂಬ ಕಡಲೆಬೀಜ ಮೇಲೆ ಬಂತು, ಬೆರಳಿಲ್ಲದ ಕಡೆಯಿಂದ ಬೀಜಗಳು ಪಟಪಟನೆ ನೆಲಕ್ಕೆ ಉದುರಿದವು.

“ನೋಡು,” ಎಂದ ಅಣ್ಣ, “ಈಗ ನಂದೂ ನಿಮ್ಮತ್ತಿಗೆ ಹಿಡಿಯಷ್ಟೇ ಆಯ್ತು.”

ಉಳಿದಷ್ಟನ್ನು ಅವನು ಹೊಸ ಬಟ್ಟಲಿಗೆ ಹಾಕಿದ. ಮುಚ್ಚಳ ಹಾಕಲಿಲ್ಲ. ಗುಂಡಿಯನ್ನು ಹಿಡಿಗೆ ತಿರುಗಿಸಿದ. ಬ್ಲೇಡು ಅಲ್ಲಾಡಲಿಲ್ಲ. ತಮ್ಮ ಮುಂದೆ ಬಂದು ಮುಚ್ಚಳ ಒತ್ತಿದ. ಕೊಂಡಿ ಕಟಕ್ಕೆಂದಿತು, ಬ್ಲೇಡು ತಿರುಗಿತು.